ದುರ್ಗದ ಕೋಟೆ ಹುಡುಕುತ್ತಾ ಮಲ್ಲೇಶ್ವರದ ಗಲ್ಲಿಗಳಲ್ಲಿ

ಚಿಕ್ಕಪ್ಪನ ಎಡಗಣ್ಣಿನ ಪೊರೆ ತೆಗೆಸಿ ನಾಲ್ಕು ದಿನ ಆಗಿತ್ತು. ಬಿಸಿಲಿಗೆ, ಧೂಳಿಗೆ ಹೋಗಬಾರದು ಅಂತ ಡಾಕ್ಟರ್ ಹೇಳಿದ್ದರು. ಮಹಾಲಕ್ಷ್ಮಿ ಬಡಾವಣೆಯ ನನ್ನ ಬಾಡಿಗೆ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಲ್ಲೇ ಕೂತಿದ್ದರು. ಶನಿವಾರ ಬೆಳಗ್ಗೆ ಕಾಫಿ ಕೊಟ್ಟಾಗ ಇದ್ದಕ್ಕಿದ್ದ ಹಾಗೆ ಕೇಳಿದರು: "ಮಗಾ, ಮಲ್ಲೇಶ್ವರ ಇಲ್ಲಿಂದ ದೂರ ಏನು?"

"ಇಲ್ಲ ಚಿಕ್ಕಪ್ಪ. ಮೆಟ್ರೋದಲ್ಲಿ ನಾಲ್ಕನೇ ಸ್ಟೇಷನ್."

"ಆ ಕಡೆ ನಂದೊಂದು ಗೋಡೆ ಐತೆ. ಇದ್ರೆ ನೋಡ್ಕಂಡ್ ಬಾ."

ಹದಿನೈದು ವರ್ಷಕ್ಕೂ ಹಿಂದಿನ ಮಾತು ಇದು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಆದರೆ ಆ ಗೋಡೆಯನ್ನ ನಾವ್ಯಾರೂ ನೋಡಿಲ್ಲ. ನಾನು ಬೆಂಗಳೂರಿಗೆ ಬಂದು ಎಂಟು ವರ್ಷ ಆದರೂ ನೋಡಿಲ್ಲ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ.

ಚಿಕ್ಕಪ್ಪ ಚಿತ್ರದುರ್ಗದಲ್ಲಿ ಬೋರ್ಡ್ ಬರೆಯುತ್ತಿದ್ದರು. ಅಂಗಡಿ ಹೆಸರು, ಲಾರಿ ಹಿಂದಿನ ಅಕ್ಷರ, ಶಾಲೆ ಗೋಡೆಯ ಮೇಲೆ ಕರ್ನಾಟಕದ ನಕಾಶೆ, ಚುನಾವಣೆ ಬಂದರೆ ಪಕ್ಷದ ಗುರುತು. ಯಾವ ಪಕ್ಷ ಅಂತ ಕೇಳಬೇಡಿ, ಎಲ್ಲಾ ಪಕ್ಷ. ಚಿಕ್ಕವನಿದ್ದಾಗ ರಜೆಯಲ್ಲಿ ಅವರ ಜೊತೆ ಹೋಗಿ ದಾರ ಹಿಡಿಯುತ್ತಿದ್ದೆ. ನೀಲಿ ಪುಡಿ ಹಚ್ಚಿದ ದಾರವನ್ನ ಗೋಡೆಯ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಹಿಡಿದು, ನಡುವೆ ಎಳೆದು ಟಪ್ ಅಂತ ಬಿಟ್ಟರೆ ನೇರ ಗೆರೆ ಬೀಳುತ್ತಿತ್ತು. ಹೀಗೇ ಚೌಕ ಚೌಕ ಮಾಡಿಕೊಂಡು, ಕೈಯಲ್ಲಿರೋ ಪೋಸ್ಟ್‌ಕಾರ್ಡ್ ಗಾತ್ರದ ಚಿತ್ರವನ್ನ ಗೋಡೆಗೆ ಏರಿಸೋದು. ಕಾಲೇಜಿನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಪಾಠದಲ್ಲಿ ಸ್ಕೇಲಿಂಗ್ ಹೇಳಿಕೊಟ್ಟಾಗ, ಅರೆ, ಇದು ಚಿಕ್ಕಪ್ಪನ ದಾರ ಅಲ್ವಾ ಅಂದುಕೊಂಡಿದ್ದೆ.

ಆಮೇಲೆ ಫ್ಲೆಕ್ಸ್ ಬಂತು. ಚಿಕ್ಕಪ್ಪ ಎರಡು ದಿನ ಬರೆಯುವ ಬೋರ್ಡ್ ಅರ್ಧ ಗಂಟೆಯಲ್ಲಿ ಮಿಷನ್ನಿಂದ ಹೊರಗೆ ಬೀಳೋಕೆ ಶುರುವಾಯ್ತು, ಜೊತೆಗೆ ಅಂಗಡಿ ಮಾಲೀಕರ ಫೋಟೋ ಬೇರೆ. ದುರ್ಗದ ಪೇಂಟರ್‌ಗಳು ಒಬ್ಬೊಬ್ಬರೇ ಬ್ರಶ್ ಬಿಟ್ಟರು. ಕೆಲವರು ಮನೆಗಳಿಗೆ ಬಣ್ಣ ಹೊಡೆಯೋಕೆ ಹೋದರು, ಒಬ್ಬರು ಅದೇ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು.

ಅದೇ ಹೊತ್ತಿಗೆ, 2009ರಲ್ಲಿ, ಬೆಂಗಳೂರಿನಲ್ಲಿ ಬಿಬಿಎಂಪಿ ಕಾಂಪೌಂಡ್ ಗೋಡೆಗಳ ಮೇಲೆ ಚಿತ್ರ ಬರೆಸೋಕೆ ಶುರು ಮಾಡಿತು. ಗೋಡೆಗೆ ಪೋಸ್ಟರ್ ಅಂಟಿಸಿ ಊರನ್ನ ವಿಕಾರ ಮಾಡಬಾರದು ಅಂತ ರಾಜ್ಯದಲ್ಲಿ 1981ರಲ್ಲೇ ಕಾನೂನು ಬಂದಿತ್ತು. ಕಾನೂನಿಗೆ ಹೆದರದ ಜನ ಚಿತ್ರಕ್ಕಾದರೂ ಹೆದರಲಿ, ಗೋಡೆ ಪಕ್ಕ ನಿಂತು ಗಲೀಜು ಮಾಡೋದನ್ನಾದರೂ ಬಿಡಲಿ ಅನ್ನೋ ಲೆಕ್ಕ. ಸಿನಿಮಾ ಕಟೌಟ್, ಬ್ಯಾನರ್ ಬರೆದು ಬದುಕುತ್ತಿದ್ದ, ಕೆಲಸ ಕಳಕೊಂಡಿದ್ದ ಕೈಗಳಿಗೆ ಇದರಿಂದ ಮತ್ತೆ ಬ್ರಶ್ ಸಿಕ್ಕಿತು. ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಯಕ್ಷಗಾನ, ಹುಲಿ, ಆನೆ. ಕಲಾಶಾಲೆಯಲ್ಲಿ ಓದಿದ ಕೆಲವರು ಇದು ಕ್ಯಾಲೆಂಡರ್ ಚಿತ್ರ ಅಂತ ಮೂಗು ಮುರಿದರು. ಇರಬಹುದು. ನಮ್ಮ ಮನೆಯಲ್ಲಿ ಗೋಡೆ ಮೇಲೆ ಇದ್ದಿದ್ದೇ ಕ್ಯಾಲೆಂಡರ್.

ದುರ್ಗದಿಂದ ನಾಲ್ಕು ಜನ ಬಂದರಂತೆ, ಚಿಕ್ಕಪ್ಪನೂ ಒಬ್ಬರು. ಎರಡು ತಿಂಗಳು ಇದ್ದರು. ನನ್ನ ಪಿಯುಸಿ ಹಾಸ್ಟೆಲ್ ಫೀಸಿನ ಮೊದಲ ಕಂತು ಕಟ್ಟಿದ್ದು ಆ ದುಡ್ಡಲ್ಲಿ.

ಅವರು ಬರೆದಿದ್ದು ನಮ್ಮ ಏಳು ಸುತ್ತಿನ ಕೋಟೆ. ಒನಕೆ ಹಿಡಿದು ನಿಂತ ಓಬವ್ವ, ಹಿಂದೆ ಬಂಡೆಗಳು. ಆದರೆ ಬಲಗಡೆ ಮೂಲೆಯಲ್ಲಿ, ಯಾರೂ ಹೇಳದೆ, ಒಂದು ಈಚಲು ಮರ ಸೇರಿಸಿದ್ದರಂತೆ. ಕಂಟ್ರಾಕ್ಟರ್ "ಕೋಟೆಯಲ್ಲಿ ಇದ್ಯಾಕ್ರೀ?" ಅಂದಾಗ "ಅದು ನನ್ ಸೈನು" ಅಂದರಂತೆ.

ಈಚಲು ಮರ ಯಾಕೆ ಅನ್ನೋದಕ್ಕೆ ನಮ್ಮೂರ ಕತೆ ಹೇಳಬೇಕು. ನಮ್ಮದು ಚಿತ್ರದುರ್ಗ ತಾಲ್ಲೂಕಿನ ತುರುವನೂರು. ಹೊರಗಿನವರಿಗೆ ಹೆಸರು ಗೊತ್ತಿರೋದು ಕಡಿಮೆ. ಗೊತ್ತಿದ್ದವರಿಗೆ ಗೊತ್ತಿರೋದು 1939ರಿಂದ. ಆ ವರ್ಷ ಎಸ್. ನಿಜಲಿಂಗಪ್ಪನವರು, ಮುಂದೆ ಮುಖ್ಯಮಂತ್ರಿಯಾದವರು, ನಮ್ಮೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹಕ್ಕೆ ಮುಂದಾಳಾಗಿದ್ದರು. ಹೆಂಡ ಇಳಿಸೋ ಮರ ಅದು. ಕುಡಿತದ ವಿರುದ್ಧವೂ ಆಯ್ತು, ಸರ್ಕಾರದ ಆದಾಯಕ್ಕೆ ಪೆಟ್ಟೂ ಆಯ್ತು. ಜನ ಕೊಡಲಿ ಹಿಡಿದು ಹೋದರು, ಜೈಲಿಗೂ ಹೋದರು. ಶಾಲೆಯಲ್ಲಿ ಪ್ರತಿ ಆಗಸ್ಟ್ ಹದಿನೈದಕ್ಕೆ ಈ ಭಾಷಣ ಕೇಳಿ ಕೇಳಿ ನಮಗೆ ಬಾಯಿಪಾಠ.

"ನಮ್ಮೂರವರು ಅಷ್ಟೊಂದ್ ಕಡಿದ್ರು. ನಾನು ಬೆಂಗಳೂರಾಗೆ ಒಂದ್ ನೆಟ್ಟೆ" ಅನ್ನೋದು ಚಿಕ್ಕಪ್ಪನ ಹಳೇ ಜೋಕು.

ಗುರುತು ಏನು ಅಂತ ಕೇಳಿದೆ. "ಗೋಡೆ ಹಿಂದೆ ರೈಲು ಹೋಗ್ತಿತ್ತು. ಎದುರಿಗೆ ಒಂದು ಅರಳಿಮರ. ಪಕ್ಕದಾಗೆ ಟ್ರಾನ್ಸ್‌ಫಾರ್ಮರ್. ಸಂಜೆ ಅಲ್ಲೊಬ್ಬ ಬೋಂಡ ಹಾಕ್ತಿದ್ದ." ಇಷ್ಟೇ. ಮ್ಯಾಪ್‌ನಲ್ಲಿ ಹಾಕಿದರೆ ಬೆಂಗಳೂರಿನ ಅರ್ಧ ಭಾಗ ಬರುತ್ತೆ.

ಹತ್ತು ಗಂಟೆಗೆ ಹಸಿರು ಮಾರ್ಗದ ರೈಲು ಹತ್ತಿ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದೆ. ಹೊರಗೆ ಬಾಡಿಗೆ ಎಲೆಕ್ಟ್ರಿಕ್ ಬೈಕ್‌ಗಳು ಸಾಲಾಗಿ ನಿಂತಿದ್ದವು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬೀಗ ತೆಗೆಯುತ್ತೆ. ಗಂಟೆಗೆ 25 ಕಿಲೋಮೀಟರ್ ದಾಟದ, 250 ವ್ಯಾಟ್ ಒಳಗಿನ ಮೋಟರ್ ಇರೋ ಗಾಡಿಗೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಟ್ರಾಫಿಕ್‌ನಲ್ಲಿ ಇದನ್ನ ಓಡಿಸುವವರನ್ನ ನೋಡಿ ಎಷ್ಟೋ ಸಲ ಬೈದುಕೊಂಡಿದ್ದೇನೆ. ಆದರೆ ಗೋಡೆ ನೋಡೋಕೆ ಇದಕ್ಕಿಂತ ಒಳ್ಳೆ ಗಾಡಿ ಇಲ್ಲ. ಸದ್ದಿಲ್ಲ, ಜೋರಾಗಿ ಹೋಗಲ್ಲ, ಎಲ್ಲಿ ಬೇಕಾದರೂ ಕಾಲು ಊರಿ ನಿಲ್ಲಬಹುದು. ಕಾರು ನುಗ್ಗದ ಗಲ್ಲಿಗೆ ನುಗ್ಗುತ್ತೆ.

ಮಲ್ಲೇಶ್ವರದಲ್ಲಿ ಗಲ್ಲಿ ಅಂದರೆ ಬೇರೆಯದೇ ಕತೆ. 1890ರ ದಶಕದಲ್ಲಿ ಕಟ್ಟಿದ ಬಡಾವಣೆ ಇದು. 1898ರ ಪ್ಲೇಗ್ ನಂತರ ಜನ ಹಳೇ ಪೇಟೆ ಬಿಟ್ಟು ಇಲ್ಲಿಗೆ ಬಂದರು. ಮನೆಗಳ ಬೆನ್ನಿಗೆ ಬೆನ್ನು ಸೇರೋ ಕಡೆ ಕಿರಿದಾದ ಓಣಿಗಳನ್ನ ಬಿಟ್ಟಿದ್ದಾರೆ, ಕನ್ಸರ್ವೆನ್ಸಿ ಲೇನ್ ಅಂತಾರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಯಾರ ಕಣ್ಣಿಗೂ ಬೀಳದೆ ಓಡಾಡಲಿ ಅಂತ ಮಾಡಿದ ದಾರಿಗಳು. ಆ ಕೆಲಸ ನಿಂತ ಮೇಲೆ ಇವು ಕಸದ ಗುಂಡಿಗಳಾಗಿದ್ದವು. ಈಚೆಗೆ ಕೆಲವನ್ನ ಚೊಕ್ಕ ಮಾಡಿ ಚಿತ್ರ ಬರೆದಿದ್ದಾರೆ. 'ಗೀಚುಗಳು' ಅನ್ನೋ ಕಲಾವಿದರ ಗುಂಪು ಈ ಓಣಿಗಳಲ್ಲಿ ಬರೆದಿದೆ. ಹೆಸರೇ ನನಗೆ ಇಷ್ಟ.

ಅಂಥ ಒಂದು ಓಣಿಯಲ್ಲಿ ನಿಂತಿದ್ದೆ. ಯಾರೋ ಹುಡುಗಿ ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಹಿಂದಿನ ಮನೆಯ ಅಜ್ಜಿ ಮಹಡಿ ಮೇಲಿಂದ ಒಗೆದ ಸೀರೆ ಇಳಿಬಿಟ್ಟರು, ಅರ್ಧ ಚಿತ್ರ ಮುಚ್ಚಿಹೋಯ್ತು. ಹುಡುಗಿ "ಅಜ್ಜಿ, ಒಂದ್ ನಿಮಿಷ" ಅಂದಳು. ಅಜ್ಜಿ "ಬಿಸಿಲು ಹೋಗುತ್ತಮ್ಮಾ" ಅಂದರು. ಯಾರ ಕಣ್ಣಿಗೂ ಬೀಳಬಾರದು ಅಂತ ಮಾಡಿದ ದಾರಿಯಲ್ಲಿ ಈಗ ಜನ ಫೋಟೋಗೆ ಸಾಲು ನಿಲ್ಲುತ್ತಾರೆ. ಅಲ್ಲಿ ಮೊದಲು ಓಡಾಡಿದವರ ಚಿತ್ರ ಯಾವ ಗೋಡೆಯಲ್ಲೂ ನನಗೆ ಕಾಣಲಿಲ್ಲ.

ಕೋಟೆ ಸಿಗಲಿಲ್ಲ. ಸಿಗೋದೂ ಇಲ್ಲ, ಇಲ್ಲಿ ರೈಲಿಲ್ಲವಲ್ಲ. ಮಾರ್ಗೋಸಾ ರಸ್ತೆಯ ವೀಣಾ ಸ್ಟೋರ್ಸ್‌ನಲ್ಲಿ ನಿಂತುಕೊಂಡೇ ಇಡ್ಲಿ ತಿಂದು ರೈಲು ಹಳಿ ಕಡೆ ಗಾಡಿ ತಿರುಗಿಸಿದೆ.

ಹಳಿ ಪಕ್ಕದ ಲಿಂಕ್ ರಸ್ತೆಯ ಉದ್ದಕ್ಕೂ ಹೋದೆ. ಗೋಡೆ ಇದೆ, ರೈಲಿದೆ, ಚಿತ್ರ ಇಲ್ಲ. ಇದ್ದ ಜಾಗದಲ್ಲಿ ಪಿಜಿ, ಟ್ಯೂಷನ್, ಪೈಲ್ಸ್ ಚಿಕಿತ್ಸೆಯ ಚೀಟಿಗಳು. ಒಂದು ಕಡೆ ಹಸಿರು ಬಣ್ಣದ ಕಲೆ ಕಂಡು ಗಾಡಿ ನಿಲ್ಲಿಸಿದೆ. ಪಾಚಿ.

ಶೇಷಾದ್ರಿಪುರದ ಕಡೆ ಹೋಗುವಾಗ ಒಂದು ಸೇತುವೆಯ ಕಂಬಗಳಿಗೆ ತ್ರಿಕೋನಗಳ ವಿನ್ಯಾಸ ಇತ್ತು, ಬುಡಕ್ಕೆ ಇಟ್ಟಿಗೆ ಕೆಂಪು. ಬೆಂಗಳೂರಿನಲ್ಲಿ ಈ ಪದ್ಧತಿ ಹಬ್ಬಿಸಿದ್ದು 'ದಿ ಅಗ್ಲಿ ಇಂಡಿಯನ್' ಗುಂಪು, 2010ರಿಂದ ಕೆಲಸ ಮಾಡುತ್ತಿರುವವರು. ಬುಡಕ್ಕೆ ಕೆಂಪು ಯಾಕೆ ಅಂದರೆ ಧೂಳು ಮತ್ತು ಎಲೆಯಡಿಕೆ ಉಗುಳು ಎದ್ದು ಕಾಣಲ್ಲ. ತ್ರಿಕೋನ, ಪಟ್ಟೆ ಯಾಕೆ ಅಂದರೆ ಟೇಪ್ ಅಂಟಿಸಿಕೊಂಡು ಯಾರು ಬೇಕಾದರೂ ಬಳಿಯಬಹುದು. ಚಿತ್ರ ಬರೋದೇ ಬೇಡ. ನಮ್ಮ ಆಫೀಸಿನವರು ಒಂದು ಸಲ ಹೀಗೆ ಕಂಬ ಬಳಿಯೋಕೆ ಹೋಗಿದ್ದೆವು. ನನ್ನ ಪಟ್ಟೆ ಸೊಟ್ಟಗಾಗಿತ್ತು.

ಆ ಗುಂಪಿನವರು ತಮ್ಮ ಹೆಸರು ಹೇಳಿಕೊಳ್ಳಲ್ಲ. ಅದೇ ಅವರ ನಿಯಮ. ಮಾತು ಬೇಡ, ಕೆಲಸ ಸಾಕು ಅಂತಾರೆ. ಒಳ್ಳೆಯದೇ. ಆದರೆ ಆ ಕಂಬದ ಕೆಳಗೆ ನಿಂತಾಗ ಒಂದು ಮಾತು ಹೊಳೆಯಿತು. ಹೆಸರು ಇದ್ದವರು ಅದನ್ನ ಮುಚ್ಚಿಡೋದು ಬೇರೆ. ಚಿಕ್ಕಪ್ಪನನ್ನ ಯಾರೂ ಕೇಳಲೇ ಇಲ್ಲ, ಅದಕ್ಕೇ ಅವರು ಈಚಲು ಮರ ಬರೆದರು.

ಹನ್ನೆರಡೂವರೆಗೆ ಬ್ಯಾಟರಿ ಕೈಕೊಟ್ಟಿತು. ತಪ್ಪು ನಂದೇ. ಗಾಡಿ ತೆಗೆಯುವಾಗ ಎಷ್ಟು ಚಾರ್ಜ್ ಇದೆ ಅಂತ ಆ್ಯಪ್‌ನಲ್ಲಿ ತೋರಿಸುತ್ತೆ, ನಾನು ನೋಡಲಿಲ್ಲ. ಆಫೀಸಿನಲ್ಲಿ ಜೂನಿಯರ್‌ಗಳಿಗೆ "ಲಾಗ್ ನೋಡದೆ ಡಿಪ್ಲಾಯ್ ಮಾಡಬೇಡಿ" ಅಂತ ಪಾಠ ಹೇಳೋನು ನಾನು. ಗಾಡಿಯನ್ನ ಬಿಡಬಹುದಾದ ಜಾಗ ಅರ್ಧ ಕಿಲೋಮೀಟರ್ ದೂರ. ರೈಲ್ವೆ ಪ್ಯಾರಲಲ್ ರಸ್ತೆಯಲ್ಲಿ ತಳ್ಳಿಕೊಂಡು ಹೊರಟೆ. ಬ್ಯಾಟರಿ ಇದ್ದಿದ್ದರೆ ಇಪ್ಪತ್ತೈದು ಕಿಲೋಮೀಟರ್ ವೇಗದಲ್ಲಿ ದಾಟಿಹೋಗುತ್ತಿದ್ದೆ, ಗ್ಯಾರಂಟಿ.

ಗೋಡೆಗೆ ಪೂರ್ತಿ ತಿಳಿ ಗುಲಾಬಿ ಬಣ್ಣ ಬಳಿದಿದ್ದರು. ಅದರ ಮೇಲೆ ಸ್ವಚ್ಛತೆಯ ಘೋಷಣೆ. ಎದುರಿಗೆ ಅರಳಿಮರ ಇರಲಿಲ್ಲ, ಆದರೆ ಫುಟ್‌ಪಾತ್ ಒಂದು ಕಡೆ ಉಬ್ಬಿ ದೊಡ್ಡ ಬೊಡ್ಡೆ ಕಾಣುತ್ತಿತ್ತು. ಟ್ರಾನ್ಸ್‌ಫಾರ್ಮರ್ ಇತ್ತು. ಅದರ ಹಿಂದೆ, ಬಣ್ಣ ಬಳಿಯುವವರ ಕೈ ಹೋಗದ ಮೊಳ ಅಗಲದ ಜಾಗದಲ್ಲಿ, ಹಳೇ ಬಣ್ಣ ಹಾಗೇ ಉಳಿದಿತ್ತು. ಕೆಳಗೆ ಕಾವಿ, ಮೇಲೆ ಮಾಸಿದ ನೀಲಿ, ನಡುವೆ ಕಡು ಹಸಿರಿನ ಐದಾರು ಗೀರು. ಗರಿಯ ಹಾಗೆ. ಹುಲ್ಲಿನ ಹಾಗೆ ಅಂದರೂ ಆಯ್ತು.

ಬೇಲಿಯ ಸಂದಿಯಲ್ಲಿ ಮೊಬೈಲ್ ತೂರಿಸಿ ಫೋಟೋ ತೆಗೆಯುವಾಗ ಒಬ್ಬರು ನಿಂತು, "ಕರೆಂಟ್ ಹೊಡೆಯುತ್ತೆ ಕಣ್ರೀ, ಏನ್ ಬಿತ್ತು?" ಅಂದರು. ಚಿತ್ರ ಅಂದೆ. ಅವರು ಗುಲಾಬಿ ಗೋಡೆ ನೋಡಿದರು, ನನ್ನನ್ನ ನೋಡಿದರು, ಹೋದರು. ಅಷ್ಟರಲ್ಲಿ ಗೋಡೆಯ ಹಿಂದೆ ರೈಲೊಂದು ಉದ್ದಕ್ಕೆ ಸದ್ದು ಮಾಡುತ್ತಾ ದಾಟಿತು. ನನಗೆ ಮೈ ಜುಮ್ಮೆಂದಿತು.

ಮನೆಗೆ ಬಂದು ಟ್ಯಾಬ್‌ನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಚಿಕ್ಕಪ್ಪ ಕಪ್ಪು ಕನ್ನಡಕ ತೆಗೆದು, ಆಪರೇಷನ್ ಆಗದ ಕಣ್ಣು ಮುಚ್ಚಿ, ಹೊಸ ಕಣ್ಣಲ್ಲಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ.

"ನಂದಿರಬಹುದು" ಅಂದರು. ಆಮೇಲೆ, "ಇಲ್ಲ ಮಗಾ. ನನ್ ಗರಿ ಇಷ್ಟು ದಪ್ಪ ಬರಲ್ಲ. ತುದಿಗೆ ಬ್ರಶ್ ಎತ್ತಿಬಿಡ್ತೀನಿ ನಾನು. ಇವನು ಒತ್ತಿದಾನೆ."

"ಮಳೆಗೆ ಹರಡಿರಬಹುದಲ್ವಾ ಚಿಕ್ಕಪ್ಪ?"

"ಎನಾಮಲ್ ಹರಡಲ್ಲ" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಎನಾಮಲ್ ಕೊಟ್ಟಿದ್ರೋ ಇಲ್ವೋ, ಮರ್ತೋಗೈತೆ" ಅಂದರು. ನಾನು ಮತ್ತೆ ಕೇಳಲಿಲ್ಲ.

ಭಾನುವಾರವೂ ಮನೆಯಲ್ಲಿ ಕೂರೋಕೆ ಆಗಲಿಲ್ಲ. ಚಿಕ್ಕಪ್ಪನೇ ಕಳಿಸಿದರು: "ಬೇರೆಯವರು ಏನ್ ಬರ್ದಿದಾರೆ, ಅದನ್ನಾದ್ರೂ ತಗಂಡ್ ಬಾ." ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಹೋದೆ. ನೆಲದಡಿಯ ಈ ನಿಲ್ದಾಣದ ಗೋಡೆಗಳಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳ ಕೆಲಸ ಇದೆ. ಮೆಟ್ರೋ ನಿಗಮದ ಜೊತೆ ಅವರು ನಡೆಸುವ 'ಆರ್ಟ್ ಇನ್ ಟ್ರಾನ್ಸಿಟ್' ಯೋಜನೆ 2014ರಲ್ಲಿ ಪೀಣ್ಯದಲ್ಲಿ ಶುರುವಾಗಿ ಆಮೇಲೆ ಇಲ್ಲಿಗೆ ಬಂತು. ಇಲ್ಲಿ ಮಳೆಯಿಲ್ಲ, ಬಿಸಿಲಿಲ್ಲ, ಪೋಸ್ಟರ್ ಅಂಟಿಸೋಕೆ ಬಂದರೆ ಸೆಕ್ಯುರಿಟಿ ಹಿಡಿಯುತ್ತಾರೆ. ಗೋಡೆ ಚಿತ್ರಕ್ಕೆ ಇದಕ್ಕಿಂತ ಸುಖದ ಮನೆ ಬೇರೆ ಬೇಕಾ?

ಅಲ್ಲಿಂದ ಕೆ.ಆರ್. ಮಾರ್ಕೆಟ್. ಇಲ್ಲಿಗೆ ಹೋಗಿದ್ದು 'ಅರವಾನಿ ಆರ್ಟ್ ಪ್ರಾಜೆಕ್ಟ್' ಬಗ್ಗೆ ಓದಿದ್ದಕ್ಕೆ. 2016ರಲ್ಲಿ ಪೂರ್ಣಿಮಾ ಸುಕುಮಾರ್ ಶುರು ಮಾಡಿದ ಗುಂಪು. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಇದರಲ್ಲಿ ಬ್ರಶ್ ಹಿಡಿಯುತ್ತಾರೆ. ತಮ್ಮನ್ನ ಬೈದ, ಅಟ್ಟಿಸಿದ ಬೀದಿಗಳಲ್ಲೇ ಏಣಿ ಹಾಕಿ ನಿಂತು ದೊಡ್ಡ ದೊಡ್ಡ ಮುಖಗಳನ್ನ ಬರೆದರು. ಮಾರ್ಕೆಟ್‌ನಲ್ಲಿ ಅವರು ಬರೆದ ಚಿತ್ರದ ಮಾತು, ನಾವೂ ಇದ್ದೇವೆ ಅಂತ. 2024ರಲ್ಲಿ ಇದೇ ಗುಂಪು ವೆನಿಸ್ ಬಿನಾಲೆಯಲ್ಲೂ ಗೋಡೆ ಬರೆದು ಬಂತು. ನಾನು ಹೋದ ಹೊತ್ತು ಹೂವಿನ ವ್ಯಾಪಾರದ ಗದ್ದಲ, ಯಾರನ್ನ ಕೇಳಿದರೂ "ಸೈಡಿಗ್ ಬಾರಪ್ಪಾ" ಅನ್ನೋರೇ. ಸೇವಂತಿಗೆ ಮೂಟೆ ಭುಜಕ್ಕೆ ತಾಗಿಸಿಕೊಂಡು, ಚಿತ್ರ ಹುಡುಕೋ ಕೆಲಸ ಬಿಟ್ಟು ವಾಪಸ್ ಬಂದೆ. ಇನ್ನೊಂದು ದಿನ ಬೆಳಗಿನ ಜಾವಕ್ಕಲ್ಲ, ಮಧ್ಯಾಹ್ನಕ್ಕೆ ಹೋಗಬೇಕು.

ಆ ಸಂಜೆ ಚಿಕ್ಕಪ್ಪನಿಗೆ ಬಾದಲ್ ನಂಜುಂಡಸ್ವಾಮಿಯವರ ಹಳೇ ವಿಡಿಯೋ ತೋರಿಸಿದೆ. ನಿಮಗೆ ನೆನಪಿರಬಹುದು, 2015ರಲ್ಲಿ ಸುಲ್ತಾನ್ ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆ ತಂದು ಕೂರಿಸಿದವರು, 2019ರಲ್ಲಿ ಚಂದ್ರಯಾನದ ಹೊತ್ತಿಗೆ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿ ನಡೆಯೋ ಹಾಗೆ ಮಾಡಿದವರು. ಮೊಸಳೆ ಬಂದ ಮೇಲೆ ಗುಂಡಿ ಮುಚ್ಚಿದರು ಅಂದಾಗ ಚಿಕ್ಕಪ್ಪ ಹೊಟ್ಟೆ ಹಿಡಿದು ನಕ್ಕರು. "ಅವನ್ ಚಿತ್ರ ಅಳಿಸಿದ್ರೆ ಅವನಿಗೆ ಗೆಲುವು. ಇದು ಚೆನ್ನಾಗೈತೆ."

ನಗು ನಿಂತ ಮೇಲೆ 2018ರ ವಿಷಯ ಅವರೇ ತೆಗೆದರು. ಆ ವರ್ಷ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸ್‌ಗಳನ್ನ ಕಿತ್ತು ಹಾಕಿದ್ದರಲ್ಲ, ಆಗ ಊರಿಂದ ನನಗೆ ಫೋನ್ ಮಾಡಿ "ಮತ್ತೆ ಬರೆಯೋರು ಬೇಕಾಗ್ತಾರೆನೋ?" ಅಂತ ಕೇಳಿದ್ದರಂತೆ. ನಾನು "ನೋಡ್ತೀನಿ ಚಿಕ್ಕಪ್ಪ" ಅಂದಿದ್ದೆನಂತೆ. ನನಗೆ ನೆನಪೇ ಇಲ್ಲ. ಹೊಸ ಕೆಲಸಕ್ಕೆ ಸೇರಿದ್ದ ಕಾಲ ಅದು, ರಾತ್ರಿಯೆಲ್ಲಾ ಸಪೋರ್ಟ್ ಕಾಲ್. ನೋಡ್ತೀನಿ ಅಂತ ಎಷ್ಟು ಜನಕ್ಕೆ ಹೇಳಿದ್ದೆನೋ. ಅವರು ಬೇಜಾರಿನಿಂದ ಹೇಳಲಿಲ್ಲ, ಸುಮ್ಮನೆ ಹೇಳಿದರು. ಅಷ್ಟೊತ್ತಿಗೆ ಈರುಳ್ಳಿ ಹಾಕಿದ್ದರಂತೆ, ಬರೋಕೆ ಆಗ್ತಿರಲಿಲ್ಲ ಬಿಡು ಅಂದರು.

ಮುಂದಿನ ಶನಿವಾರ ಕಣ್ಣು ಮತ್ತೊಮ್ಮೆ ತೋರಿಸಿ, ಊರಿಗೆ ಹೊರಟರು. ದುರ್ಗದ ಬಸ್ ತುಮಕೂರು ರಸ್ತೆಯಲ್ಲೇ ಹೋಗೋದರಿಂದ ಮೆಜೆಸ್ಟಿಕ್‌ವರೆಗೆ ಯಾಕೆ ಹೋಗಬೇಕು ಅಂತ ಮೆಟ್ರೋದಲ್ಲಿ ಪೀಣ್ಯಕ್ಕೆ ಕರಕೊಂಡು ಹೋದೆ. ಹಬ್ಬ, ರಜೆ ಅಂತ ಊರಿಗೆ ಹೋಗಿ ಬರುವಾಗೆಲ್ಲಾ ಈ ನಿಲ್ದಾಣ ಹತ್ತಿ ಇಳಿದಿದ್ದೇನೆ. ಬ್ಯಾಗು ಹೊತ್ತುಕೊಂಡು ಎಸ್ಕಲೇಟರ್ ಕಡೆ ಓಡೋದು ಬಿಟ್ಟರೆ ಸುತ್ತ ನೋಡಿದ್ದಿಲ್ಲ.

ಚಿಕ್ಕಪ್ಪ ನೋಡಿದರು. ಟಿಕೆಟ್ ಗೇಟ್ ದಾಟಿದವರು ಗೋಡೆ ಮುಂದೆ ನಿಂತುಬಿಟ್ಟರು. ಕಪ್ಪು ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಹೋದರು. ಆಮೇಲೆ ಹತ್ತು ಹೆಜ್ಜೆ ಹಿಂದೆ ಬಂದರು. ಮತ್ತೆ ಹತ್ತಿರ ಹೋದರು. ಉಗುರಲ್ಲಿ ಬಣ್ಣದ ಅಂಚನ್ನ ಮೆಲ್ಲಗೆ ಕೆರೆದು ನೋಡಿದರು. ಸೆಕ್ಯುರಿಟಿಯವರು ಬಂದು "ಯಜಮಾನ್ರೇ, ಮುಟ್ಟಬೇಡಿ" ಅಂದರು.

"ಪ್ರೈಮರ್ ಚೆನ್ನಾಗಿ ಕೊಟ್ಟಿದಾರೆ ಕಣಪ್ಪ. ಹತ್ ವರ್ಷದ್ದು ಅಂದ್ರೆ ನಂಬಕ್ಕಾಗಲ್ಲ" ಅಂದರು ಅವರಿಗೆ. ಆಮೇಲೆ "ಯಾರ್ ಬರ್ದಿದ್ದು, ಹೆಸರು ಹಾಕಿದಾರಾ?" ಅಂತ ಕೇಳಿದರು.

ಸೆಕ್ಯುರಿಟಿಯವರಿಗೂ ಗೊತ್ತಿರಲಿಲ್ಲ. ಮೂವರೂ ಸೇರಿ ಗೋಡೆಯ ಮೂಲೆಗಳಲ್ಲಿ ಹುಡುಕೋಕೆ ಶುರು ಮಾಡಿದೆವು. ಹನ್ನೊಂದು ಗಂಟೆಯ ಬಸ್ಸು ಹೋಯಿತು.